ಮಾಂಟೆ ಕಾರ್ಲೊ ಕಾರ್ಪೆಟ್ ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ವೇರಿಯಂನ ನೆಲಕ್ಕೆ ಹಸಿರು ಹಾಸು ಬೇಕು ಅಂದವರಲ್ಲಿ ಬಹಳ ಮಂದಿ ಆರಿಸಿಕೊಳ್ಳುವುದು ಮಾಂಟೆ ಕಾರ್ಲೊ ಗಿಡವನ್ನು. ಚಿಕ್ಕ ಎಲೆ, ತಿಳಿಹಸಿರು ಬಣ್ಣ, ತಕ್ಕಮಟ್ಟಿಗೆ ಗಟ್ಟಿಮುಟ್ಟು. ಆದರೂ ಎಷ್ಟೋ ಟ್ಯಾಂಕ್‌ಗಳಲ್ಲಿ ಅದು ಹಬ್ಬುವ ಮೊದಲೇ ಕೊಳೆಯುತ್ತದೆ. ಇಲ್ಲವೇ ಚೆನ್ನಾಗಿ ತುಂಬಿಕೊಂಡ ಮೇಲೆ ಒಂದು ದಿನ ಚಾಪೆಯ ಹಾಗೆ ಎದ್ದು ತೇಲುತ್ತದೆ. ಎರಡರ ಹಿಂದೆಯೂ ಸಾಮಾನ್ಯವಾಗಿ ಒಂದೇ ಕಾರಣ ಇರುತ್ತದೆ: ಇದನ್ನು ನಾವು ಹುಲ್ಲು ಅಂದುಕೊಂಡು ನೋಡಿಕೊಳ್ಳುತ್ತೇವೆ. ನಿಜವಾಗಿ ಇದು ನೆಲದ ಮೇಲೆ ಹರಿಯುವ ಕಾಂಡದ ಗಿಡ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಒಂದು ಮಾತಿನ ಸುತ್ತಲೇ ಇವೆ.

ಕಾರ್ಪೆಟ್ ಗಿಡವನ್ನು ಕಾಂಡದ ಗಿಡ ಅನ್ನುವುದು ಯಾಕೆ?

ಒಂದು ಎಳೆಯನ್ನು ಬಿಡಿಸಿ ಬೆರಳ ಮೇಲೆ ಇಟ್ಟು ನೋಡಿ. ತೀರಾ ಸಪೂರ ಕಾಂಡ. ಅದರಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಗೆಣ್ಣುಗಳು. ಪ್ರತಿ ಗೆಣ್ಣಿನಲ್ಲಿ ಎದುರುಬದುರಾಗಿ ಎರಡು ದುಂಡನೆಯ ಎಲೆ, ಅಡಿಯಲ್ಲಿ ಬಿಳಿ ಬೇರು, ಎಲೆಯ ಕಂಕುಳಲ್ಲಿ ಇನ್ನೊಂದು ಕಾಂಡವಾಗಲು ಕಾದಿರುವ ಮೊಗ್ಗು. ತುದಿ ಮುಂದಕ್ಕೆ ಹೋಗುತ್ತಿದ್ದ ಹಾಗೆ ಹಿಂದಿನ ಗೆಣ್ಣುಗಳು ಮಣ್ಣಿಗೆ ಬೇರಿಳಿಸುತ್ತಾ ಬರುತ್ತವೆ. ತುದಿ ಕತ್ತರಿಸಿದರೆ ಹಿಂದಿನ ಗೆಣ್ಣುಗಳಲ್ಲಿ ಕವಲು ಒಡೆಯುತ್ತದೆ.

ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ಮಾಂಟೆ ಕಾರ್ಲೊ ತುದಿಯಿಂದ ಬೆಳೆಯುತ್ತದೆ, ಬುಡ ಹಳೆಯದಾಗುತ್ತಾ ಹೋಗುತ್ತದೆ. ಮೇಲಿನ ಎಳೆಗಳು ದಟ್ಟವಾದಷ್ಟೂ ಕೆಳಗಿನವಕ್ಕೆ ಬೆಳಕು ಕಡಿಮೆ. ಬೆಳಕಿಲ್ಲದ ಕಡೆ ಎಲೆ ಉದುರುತ್ತದೆ, ಬೇರು ಸಾಯುತ್ತದೆ. ಹಾಗಾಗಿ ನೆಡುವಾಗಲೂ ಕತ್ತರಿಸುವಾಗಲೂ ಕಣ್ಣು ಬುಡದ ಮೇಲಿರಬೇಕು.

ಇದರ ಸರಿಯಾದ ಹೆಸರೇನು, ಎಲ್ಲಿಯದು?

ವೈಜ್ಞಾನಿಕ ಹೆಸರು ಮೈಕ್ರಾಂಥೆಮಮ್ ಟ್ವೀಡಿಐ. ದಕ್ಷಿಣ ಅಮೆರಿಕದ ಗಿಡ, ಅಕ್ವೇರಿಯಂಗೆ ಬಂದದ್ದು ಅರ್ಜೆಂಟೀನಾದಿಂದ. ಹೊಸದರಲ್ಲಿ ಜಾತಿ ಖಚಿತವಾಗಿರಲಿಲ್ಲ. ಆಗ ‘ನ್ಯೂ ಲಾರ್ಜ್ ಪರ್ಲ್ ಗ್ರಾಸ್’ ಎಂಬ ಹೆಸರಿನಲ್ಲೂ ಮಾರಾಟವಾಗುತ್ತಿತ್ತು. ಹಳೆಯ ಬರಹಗಳಲ್ಲಿ ಆ ಹೆಸರು ಕಂಡರೆ ಇದೇ ಗಿಡ ಎಂದು ತಿಳಿಯಿರಿ.

ಕ್ಯೂಬಾ, ಗ್ಲಾಸೊ, ಪರ್ಲ್ ವೀಡ್ ಕೂಡ ಇವೆಯಲ್ಲ, ಯಾವುದು ತರಲಿ?

ಮೊದಲ ಕಾರ್ಪೆಟ್ ಆದರೆ ಮಾಂಟೆ ಕಾರ್ಲೊ ತನ್ನಿ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಹೆಮಿಯಾಂಥಸ್ ಕ್ಯಾಲಿಟ್ರಿಕಾಯ್ಡಿಸ್ ‘ಕ್ಯೂಬಾ’ ನೋಡಲು ಇನ್ನೂ ಸೊಗಸು. ಎಲೆ 1ರಿಂದ 3 ಮಿಲಿಮೀಟರ್ ಅಷ್ಟೇ, ಪುಟ್ಟ ಟ್ಯಾಂಕ್‌ನಲ್ಲಿ ಬಯಲು ದೊಡ್ಡದಾಗಿ ಕಾಣುತ್ತದೆ. ಆದರೆ ಬೇರು ಬಲು ನಾಜೂಕು, ನೀರಿಗೆ ಬಿಡುವ ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲ) ಸ್ವಲ್ಪ ಏರುಪೇರಾದರೂ ಮುನಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡೆಯ ಗ್ಲಾಸೊಸ್ಟಿಗ್ಮಾ ಎಲಟಿನಾಯ್ಡಿಸ್ ಬೇಗ ಹಬ್ಬುತ್ತದೆ. ಬೆಳಕು ಸಾಲದೇ ಹೋದರೆ ಮಾತ್ರ ನೆಲ ಬಿಟ್ಟು ನೆಟ್ಟಗೆ ಮೇಲಕ್ಕೆ ಏಳುತ್ತದೆ. ಪರ್ಲ್ ವೀಡ್ ಎಂಥ ನೀರಿಗೂ ಹೊಂದಿಕೊಳ್ಳುತ್ತದೆ, ಗಡಸು ನೀರಿದ್ದರೂ ಬೇಸರವಿಲ್ಲ. ಆದರೆ ಅದರ ಸ್ವಭಾವವೇ ಮೇಲಕ್ಕೆ ಹೋಗುವುದು. ಪದೇ ಪದೇ ಕತ್ತರಿ ಹಾಕದಿದ್ದರೆ ಕಾರ್ಪೆಟ್ ಹೋಗಿ ಪೊದೆ ಆಗುತ್ತದೆ.

ಮಾಂಟೆ ಕಾರ್ಲೊ ಇವುಗಳ ನಡುವೆ ನಿಲ್ಲುತ್ತದೆ. ಎಲೆ ಸುಮಾರು ಅರ್ಧ ಸೆಂಟಿಮೀಟರ್, ಎತ್ತರ 3ರಿಂದ 5 ಸೆಂಟಿಮೀಟರ್. ಕ್ಯೂಬಾಗಿಂತ ಗಟ್ಟಿಯಾಗಿ ಬೇರೂರುತ್ತದೆ, ಬೆಳಕು ಸ್ವಲ್ಪ ಕಡಿಮೆ ಇದ್ದರೂ ತಡೆದುಕೊಳ್ಳುತ್ತದೆ. ಡ್ವಾರ್ಫ್ ಹೇರ್‌ಗ್ರಾಸ್ ಬಗ್ಗೆಯೂ ಕೇಳುತ್ತಾರೆ. ಅದು ಮಣ್ಣಿನಡಿಯ ಕಾಂಡದಿಂದ ಹಬ್ಬುವ ಬೇರೆಯೇ ಬಗೆಯ ಗಿಡ. ಇಲ್ಲಿ ಹೇಳಿದ್ದೆಲ್ಲ ಅದಕ್ಕೆ ಹೊಂದುವುದಿಲ್ಲ.

ಆನ್‌ಲೈನ್‌ನಲ್ಲಿ ‘ಕಾರ್ಪೆಟ್ ಬೀಜ’ ಸಿಗುತ್ತದೆ. ಹಾಕಬಹುದಾ?

ದಯವಿಟ್ಟು ಬೇಡ. ಮಾಂಟೆ ಕಾರ್ಲೊ ಗಿಡವನ್ನು ಬೀಜವಾಗಿ ಮಾರುವುದಿಲ್ಲ. ಆ ಪೊಟ್ಟಣದಲ್ಲಿ ಇರುವುದು ಬಹುಪಾಲು ನೆಲದ ಮೇಲೆ ಬೆಳೆಯುವ ಯಾವುದೋ ಗಿಡದ ಬೀಜ, ಇಲ್ಲವೇ ಎತ್ತರಕ್ಕೆ ಹೋಗುವ ಹೈಗ್ರೋಫಿಲಾ. ಕೆಲವೇ ದಿನದಲ್ಲಿ ಮೊಳೆತು ಹಸಿರಾಗಿ ಕಾಣುವುದು ನಿಜ. ನೀರು ತುಂಬಿದ ಕೆಲವು ವಾರಗಳಲ್ಲಿ ನೆಲದ ಗಿಡವಾದರೆ ಒಟ್ಟಿಗೆ ಕೊಳೆತು ನೀರು ಕೆಡಿಸುತ್ತದೆ. ಮೀನಿದ್ದರೆ ಅವುಗಳಿಗೂ ಕುತ್ತು.

ಸಿಓಟು ಇಲ್ಲದೆ ಬೆಳೆಯುತ್ತದಾ?

ಬೆಳೆಯುತ್ತದೆ, ತುಂಬಾ ನಿಧಾನವಾಗಿ. ಸಿಓಟು ಕೊಟ್ಟರೆ ಒಂದೂವರೆಯಿಂದ ಎರಡು ತಿಂಗಳಲ್ಲಿ ತುಂಬುವ ಜಾಗಕ್ಕೆ ಕೊಡದಿದ್ದರೆ ನಾಲ್ಕೈದು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಸು ಅಷ್ಟು ಒತ್ತಾಗಿಯೂ ಇರುವುದಿಲ್ಲ.

ಈ ದಾರಿ ಹಿಡಿಯುವವರು ಬೆಳಕನ್ನು ಮಧ್ಯಮ ಮಟ್ಟದಲ್ಲಿ ಇಡಬೇಕು. ಗಾಳಿಯಲ್ಲಿ ಬೇಕಾದಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದರೂ ನೀರಿಗೆ ಇಳಿಯುವುದು ಸ್ವಲ್ಪವೇ. ಅದರ ಮೇಲೆ ಬೆಳಕು ಜೋರಾಗಿ ಬಿಟ್ಟರೆ ಗಿಡಕ್ಕೆ ಅದನ್ನು ಬಳಸಿಕೊಳ್ಳಲು ಆಗುವುದಿಲ್ಲ, ಪಾಚಿಗೆ ಹಬ್ಬ. ಮೊದಲೇ ಜಾಸ್ತಿ ಗಿಡ ತಂದು ಒತ್ತಾಗಿ ನೆಟ್ಟರೆ ಅರ್ಧ ಕೆಲಸ ಆದಂತೆ.

‘ಲಿಕ್ವಿಡ್ ಕಾರ್ಬನ್’ ಹೆಸರಿನ ಬಾಟಲಿಗಳು ಸಿಓಟುಗೆ ಬದಲಿ ಅಲ್ಲ. ಅವುಗಳಲ್ಲಿ ಹೆಚ್ಚಿನವು ಗ್ಲುಟರಾಲ್ಡಿಹೈಡ್ ಅಥವಾ ಅದರ ಹತ್ತಿರದ ರಾಸಾಯನಿಕ. ಪಾಚಿಯನ್ನು ಹಿಮ್ಮೆಟ್ಟಿಸುತ್ತವೆ, ಆದರೆ ವ್ಯಾಲಿಸ್ನೇರಿಯಾ ಗಿಡವನ್ನು ಮತ್ತು ಕೆಲವು ಮಾಸ್‌ಗಳನ್ನು (ಬೇರಿಲ್ಲದ ಸಣ್ಣ ಹಸಿರು ಗಿಡಗಳು) ಸುಡುತ್ತವೆ. ಕೈಗೆ, ಕಣ್ಣಿಗೆ ತಾಗಬಾರದು, ಆವಿ ಕುಡಿಯಬಾರದು.

ಸಿಓಟು ಕೊಡುವುದಾದರೆ ಎಷ್ಟು?

ಲೀಟರ್‌ಗೆ 20ರಿಂದ 30 ಮಿಲಿಗ್ರಾಂ ಇದ್ದರೆ ಸಾಕು. ಅಳೆಯುವ ಸುಲಭ ಸಾಧನ ಡ್ರಾಪ್ ಚೆಕರ್. ಅದರೊಳಗೆ 4 ಡಿಕೆಎಚ್ (ಕಾರ್ಬೊನೇಟ್ ಗಡಸಿನ ಅಳತೆ) ದ್ರಾವಣ ಮತ್ತು ಸೂಚಕ ಹನಿ ಹಾಕಿದರೆ ನೀಲಿ ಅಂದರೆ ಕಡಿಮೆ, ಹಸಿರು ಅಂದರೆ ಸರಿಸುಮಾರು 30, ಹಳದಿ ಅಂದರೆ ಅತಿಯಾಯಿತು. ಒಳಗೆ ಟ್ಯಾಂಕ್ ನೀರು ತುಂಬಬೇಡಿ, ಲೆಕ್ಕ ತಪ್ಪುತ್ತದೆ. ಇನ್ನೊಂದು ವಿಷಯ: ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು. ಈಗ ಕಾಣುವ ಬಣ್ಣ ಆಗಿನ ಸುದ್ದಿ.

ಲೈಟ್ ಹಾಕುವ ಒಂದೆರಡು ಗಂಟೆ ಮೊದಲು ಸಿಓಟು ಶುರುವಾಗಬೇಕು. ಲೈಟ್ ಆರುವ ಒಂದು ಗಂಟೆ ಮೊದಲು ನಿಲ್ಲಿಸಬಹುದು. ರಾತ್ರಿ ಬೇಡ. ಕತ್ತಲಲ್ಲಿ ಗಿಡಗಳು ಅದನ್ನು ಬಳಸುವುದಿಲ್ಲ, ಜೊತೆಗೆ ಮೀನಿನಂತೆ ಅವೂ ಆಮ್ಲಜನಕ ತೆಗೆದುಕೊಳ್ಳುತ್ತವೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಚೆಕರ್ ಬಣ್ಣ ನೋಡುತ್ತಾ ಕೂರಬೇಡಿ. ತಕ್ಷಣ ಸಿಓಟು ನಿಲ್ಲಿಸಿ, ಏರ್ ಪಂಪ್ ಹಾಕಿ, ಸ್ವಲ್ಪ ನೀರು ಬದಲಿಸಿ.

ಪ್ರಮಾಣಕ್ಕಿಂತ ಮುಖ್ಯವಾದದ್ದು ಅದು ದಿನವೂ ಒಂದೇ ಥರ ಇರುವುದು. ಈವತ್ತು 30, ನಾಳೆ 10 ಆದರೆ ಗಿಡ ಸೊರಗುತ್ತದೆ, ಕಪ್ಪು ಗಡ್ಡದ ಪಾಚಿ ಹತ್ತುತ್ತದೆ. ಸಿಓಟು ನೆಲದವರೆಗೂ ತಲುಪುತ್ತಿದೆಯೇ ಅನ್ನುವುದನ್ನೂ ನೋಡಿ. ಸಿಓಟುವನ್ನು ಗುಳ್ಳೆಯಾಗಿ ಒಡೆಯುವ ಡಿಫ್ಯೂಸರ್‌ನ ಸಣ್ಣ ಗುಳ್ಳೆಗಳು ನೇರ ಮೇಲೆ ಹೋಗಿ ಒಡೆದರೆ ಕಾರ್ಪೆಟ್‌ಗೆ ಏನೂ ಸಿಗುವುದಿಲ್ಲ. ಫಿಲ್ಟರ್‌ನ ಹರಿವು ಅವನ್ನು ನೆಲದ ಕಡೆ ತಳ್ಳುವಂತಿರಬೇಕು.

ಬೆಳಕು ಎಷ್ಟು ಹೊತ್ತು, ಎಷ್ಟು ಜೋರು?

ಮೊದಲ ಮೂರು ವಾರ ದಿನಕ್ಕೆ 6 ಗಂಟೆ. ಹೊಸ ಎಲೆ ಕಂಡ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ 8 ಗಂಟೆಗೆ ನಿಲ್ಲಿಸಿ. ಗಿಡಕ್ಕೆ ಬಳಕೆಯಾಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಸಿಕ್ಕರೆ ನೆಲದ ಮಟ್ಟದಲ್ಲಿ 50ರ ಆಸುಪಾಸು ಇದ್ದರೆ ಚೆನ್ನ. ಮೀಟರ್ ಇಲ್ಲದಿದ್ದರೂ ಗಿಡವೇ ಹೇಳುತ್ತದೆ: ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ಕಾಂಡ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಕಡಿಮೆ. ನೆಲಕ್ಕೆ ಅಂಟಿಕೊಂಡು ಹರಿಯುತ್ತಿದ್ದರೆ ಸಾಕಷ್ಟಿದೆ. ಟೈಮರ್ ಒಂದನ್ನು ಹಾಕಿಬಿಡಿ, ಕೈಯಲ್ಲಿ ಆನ್ ಆಫ್ ಮಾಡುವುದು ನಡೆಯುವ ಮಾತಲ್ಲ.

ದೊಡ್ಡ ಮರದ ತುಂಡು, ಅಗಲ ಎಲೆಯ ಗಿಡಗಳ ನೆರಳು ಬೀಳುವ ಕಡೆ ಕಾರ್ಪೆಟ್ ಕನಸು ಬೇಡ.

ತಳಕ್ಕೆ ಯಾವ ಮಣ್ಣು?

1ರಿಂದ 3 ಮಿಲಿಮೀಟರ್ ಕಾಳಿನ ಅಕ್ವಾ ಸಾಯಿಲ್, ಅಂದರೆ ಅಕ್ವೇರಿಯಂ ಗಿಡಗಳಿಗೆಂದೇ ಮಾಡಿದ ಕಾಳು ಮಣ್ಣು, ಎಲ್ಲಕ್ಕಿಂತ ಒಳ್ಳೆಯದು. ಬೇರು ಇಳಿಯಲು ಸಲೀಸು, ಒಳಗೆ ಗೊಬ್ಬರ ಇರುತ್ತದೆ, ನೀರಿನ ಗಡಸನ್ನೂ ಸ್ವಲ್ಪ ಇಳಿಸುತ್ತದೆ. ಮುಂಭಾಗದಲ್ಲಿ 4ರಿಂದ 5 ಸೆಂಟಿಮೀಟರ್ ದಪ್ಪ ಸಾಕು. ಹೊಸ ಅಕ್ವಾ ಸಾಯಿಲ್ ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತದೆ. ಗಿಡಕ್ಕೆ ತೊಂದರೆ ಇಲ್ಲ, ಮೀನಿಗೆ ಪ್ರಾಣಾಪಾಯ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಮೀನು, ಸೀಗಡಿ ಬಿಡಬೇಡಿ.

ಸಣ್ಣ ಮರಳಿನಲ್ಲೂ ಬೆಳೆಯುತ್ತದೆ. ಆಗ ರೂಟ್ ಟ್ಯಾಬ್ (ಬೇರಿಗೆ ಕೊಡುವ ಗೊಬ್ಬರದ ಮಾತ್ರೆ) ಹೂಳಬೇಕು, ನೀರಿಗೂ ದ್ರವ ಗೊಬ್ಬರ ಹಾಕಬೇಕು. ದಪ್ಪ ಜಲ್ಲಿಯಲ್ಲಿ ಸಣ್ಣ ಬೇರು ಹಿಡಿತ ಸಿಗದೆ ಒದ್ದಾಡುತ್ತದೆ.

ಟಿಶ್ಯೂ ಕಲ್ಚರ್ ಕಪ್ ಒಳ್ಳೆಯದಾ, ಪಾಟ್ ಒಳ್ಳೆಯದಾ?

ಟಿಶ್ಯೂ ಕಲ್ಚರ್ ಅಂದರೆ ಪ್ರಯೋಗಾಲಯದಲ್ಲಿ ಜೆಲ್ ಮೇಲೆ ಬೆಳೆಸಿದ ಗಿಡ. ಆ ಕಪ್‌ನಲ್ಲಿ ಪಾಚಿ, ಬಸವನ ಹುಳು, ಕೀಟನಾಶಕ ಯಾವುದೂ ಇರುವುದಿಲ್ಲ. ಸೀಗಡಿ ಸಾಕುವವರಿಗೆ ಅದೇ ಸರಿ. ಅದರ ಗಿಡ ಎಳೆಯದು, ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಪಾಟ್‌ನದು ಬಲಿತ ಗಿಡ, ಬೇರು ಗಟ್ಟಿ. ಆದರೆ ನೀರಿನ ಹೊರಗೆ ಬೆಳೆಸಿದ್ದಾಗಿದ್ದರೆ ಹಳೆಯ ಎಲೆ ಉದುರಿ ಹೊಸತು ಬರಬೇಕು. ಬೇರಿನ ಸುತ್ತ ಇರುವ ಹತ್ತಿಯಂಥ ರಾಕ್‌ವುಲ್ ಪೂರ್ತಿ ತೆಗೆಯಿರಿ.

ಇವೆರಡಕ್ಕಿಂತ ಒಳ್ಳೆಯದು ಒಂದಿದೆ: ಪರಿಚಯದವರ ಟ್ಯಾಂಕ್‌ನಲ್ಲಿ ಕತ್ತರಿಸಿ ತೆಗೆದ ಚೆಂದದ ತುಂಡುಗಳು. ನೀರೊಳಗೇ ಬೆಳೆದದ್ದಾದ್ದರಿಂದ ನೆಟ್ಟ ಕೆಲವೇ ದಿನದಲ್ಲಿ ಬೇರು ಬಿಡುತ್ತದೆ.

ನೆಡುವುದು ಹೇಗೆ?

ಕಪ್‌ನ ಗಿಡವಾದರೆ ಮೊದಲು ಜೆಲ್ ತೊಳೆಯಬೇಕು. ಹದ ಬಿಸಿಯ ನೀರಿನಲ್ಲಿ ಅಲ್ಲಾಡಿಸುತ್ತಾ, ಬೆರಳಿನಿಂದ ಮೆಲ್ಲಗೆ ಉಜ್ಜುತ್ತಾ ಪೂರ್ತಿ ಹೋಗುವವರೆಗೂ ತೊಳೆಯಿರಿ. ಉಳಿದ ಜೆಲ್ ಕೊಳೆತು ಬಿಳಿ ಬೂಸು ಹಿಡಿಯುತ್ತದೆ. ಆಮೇಲೆ ಗಿಡವನ್ನು 1ರಿಂದ 2 ಸೆಂಟಿಮೀಟರ್ ಅಗಲದ ಚಿಕ್ಕ ಚಿಕ್ಕ ಗುಂಪುಗಳಾಗಿ ಬಿಡಿಸಿ. ದೊಡ್ಡ ಮುದ್ದೆಯನ್ನು ಹಾಗೇ ಮಣ್ಣಿನ ಮೇಲಿಟ್ಟರೆ ಸಮಯ ಉಳಿದಂತೆ ಕಾಣುತ್ತದೆ, ಅಲ್ವಾ? ಆದರೆ ಮುದ್ದೆಯ ಒಳಗಿನ ಎಳೆಗಳಿಗೆ ಬೆಳಕೂ ಇಲ್ಲ, ಮಣ್ಣೂ ಇಲ್ಲ. ನಡುವಿನಿಂದಲೇ ಕೊಳೆ ಶುರುವಾಗುತ್ತದೆ.

ಮಣ್ಣು ಚೆನ್ನಾಗಿ ಒದ್ದೆಯಾಗಿರಲಿ, ಮೇಲೆ ನೀರು ನಿಂತಿರಬಾರದು. ಉದ್ದ ಮೂತಿಯ ಚಿಮುಟದಲ್ಲಿ ಗುಂಪಿನ ಬುಡವನ್ನು ಹಿಡಿಯಿರಿ. 45 ಡಿಗ್ರಿ ಓರೆಯಲ್ಲಿ ಮಣ್ಣಿಗೆ ಚುಚ್ಚಿ, ತುದಿಯ ಎಲೆಗಳಷ್ಟೇ ಹೊರಗೆ ಉಳಿಯುವಷ್ಟು ಆಳಕ್ಕೆ ಇಳಿಸಿ. ಚಿಮುಟವನ್ನು ಸ್ವಲ್ಪ ಸಡಿಲಿಸಿ, ಎಡಬಲಕ್ಕೆ ಅಲುಗಿಸುತ್ತಾ ಹಿಂದಕ್ಕೆ ಎಳೆದರೆ ಮಣ್ಣಿನ ಕಾಳು ತಾನಾಗಿ ಮುಚ್ಚಿಕೊಳ್ಳುತ್ತದೆ, ಗಿಡ ಅಲ್ಲೇ ನಿಲ್ಲುತ್ತದೆ. ನೇರ ಮೇಲಕ್ಕೆ ಎಳೆದರೆ ಗಿಡವೂ ಜೊತೆಯಲ್ಲೇ ಬರುತ್ತದೆ. ಗುಂಪುಗಳ ನಡುವೆ 2ರಿಂದ 3 ಸೆಂಟಿಮೀಟರ್ ಬಿಡಿ. ಆಗಾಗ ಸ್ಪ್ರೇ ಹೊಡೆಯುತ್ತಿರಿ, ಎಳೆ ಎಲೆ ಒಣಗಲು ಹತ್ತು ನಿಮಿಷ ಸಾಕು.

‘ಇಷ್ಟು ಆಳಕ್ಕೆ ಹೂತರೆ ಸಾಯುವುದಿಲ್ಲವಾ’ ಅಂತ ಹೆದರುತ್ತಾರೆ. ಸಾಯುವುದಿಲ್ಲ. ಮಣ್ಣಿನೊಳಗೆ ಹೋದ ಪ್ರತಿ ಗೆಣ್ಣೂ ಬೇರಿನ ಜಾಗ. ಮೇಲೆ ಮೇಲೆ ಸಿಕ್ಕಿಸಿದ್ದೇ ಮರುದಿನ ತೇಲುವುದು.

ನೀರು ತುಂಬುವಾಗ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ತಟ್ಟೆ ಇಟ್ಟು ಅದರ ಮೇಲೆ ಸಣ್ಣಗೆ ಬಿಡಿ. ಗಂಟೆಗಟ್ಟಲೆ ಕೂತು ನೆಟ್ಟದ್ದನ್ನು ಒಂದು ಬಕೆಟ್ ನೀರು ಕಿತ್ತುಹಾಕಬಾರದಲ್ಲ.

ನೀರು ತುಂಬದೆ ಬೆಳೆಸುವ ಡ್ರೈ ಸ್ಟಾರ್ಟ್ ಒಳ್ಳೆಯ ಉಪಾಯವಾ?

ತಾಳ್ಮೆ ಇದ್ದವರಿಗೆ ಹೌದು. ಗಿಡ ನೆಟ್ಟು, ಮಣ್ಣಿನ ಮೇಲ್ಮೈಗಿಂತ ಸ್ವಲ್ಪ ಕೆಳಗಿನವರೆಗೆ ಮಾತ್ರ ನೀರಿಟ್ಟು, ಟ್ಯಾಂಕ್ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾರೆ. ಒಳಗೆ ತೇವ ತುಂಬಿರುತ್ತದೆ. ಗಾಳಿಯಿಂದಲೇ ಕಾರ್ಬನ್ ಡೈಆಕ್ಸೈಡ್ ಸಿಗುವುದರಿಂದ ಸಿಓಟು ಸಿಲಿಂಡರ್ ಬೇಡ, ನೀರೊಳಗಿನ ಪಾಚಿಯ ಕಾಟವೂ ಇಲ್ಲ. 4ರಿಂದ 8 ವಾರದಲ್ಲಿ ನೆಲ ಮುಚ್ಚುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಹಾಳೆ ತೆಗೆದು ಗಾಳಿಯಾಡಿಸಿ, ಇಲ್ಲದಿದ್ದರೆ ಬೂಸು ಬರುತ್ತದೆ. ಬೂಸು ಕಂಡ ಎಳೆಯನ್ನು ಆಗಲೇ ಕಿತ್ತು ಬಿಸಾಡಿ.

ಎಡವುವುದು ನೀರು ತುಂಬುವ ದಿನ. ಗಾಳಿಯಲ್ಲಿ ಬೆಳೆದ ಎಲೆಗಳು ನೀರೊಳಗಿನ ಬದುಕಿಗೆ ತಕ್ಕವಲ್ಲ. ಅವತ್ತಿನಿಂದಲೇ ಸಿಓಟು ಚೆನ್ನಾಗಿ ಸಿಗದಿದ್ದರೆ ಅಷ್ಟೂ ಹಾಸು ಕರಗಿ ಹೋಗಬಹುದು. ಸಿಓಟು ಇಲ್ಲದೆಯೇ ಮುಂದುವರಿಯುವ ಟ್ಯಾಂಕ್‌ಗೆ ಡ್ರೈ ಸ್ಟಾರ್ಟ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ನೆಟ್ಟು ವಾರವಾಯಿತು, ಎಲೆ ಕರಗುತ್ತಿದೆ. ಸತ್ತುಹೋಯಿತಾ?

ಅವಸರಪಟ್ಟು ಕೀಳಬೇಡಿ. ಹೊರಗೆ ಬೆಳೆದ ಎಲೆ ಪಾರದರ್ಶಕವಾಗಿ, ಕಂದಾಗಿ ಕರಗುವುದು ಮಾಮೂಲಿ. ನೋಡಬೇಕಾದದ್ದು ತುದಿಯನ್ನು. ಅಲ್ಲಿ ಪುಟ್ಟ, ಎದ್ದುಕಾಣುವ ಹಸಿರು ಎಲೆ ಜೋಡಿ ಬರುತ್ತಿದ್ದರೆ ಗಿಡ ಬದುಕಿದೆ. ಕರಗಿದ ಎಲೆಗಳನ್ನು ಸಣ್ಣ ಪೈಪ್‌ನಿಂದ ಎಳೆದು ತೆಗೆಯಿರಿ. ಮೊದಲ ವಾರ ದಿನ ಬಿಟ್ಟು ದಿನ, ಎರಡನೇ ವಾರ ಎರಡು ಮೂರು ಸಲ, ಆಮೇಲೆ ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ. ತುದಿಯೂ ಕಪ್ಪಾಗಿ, ಕಾಂಡ ಮುಟ್ಟಿದರೆ ಕಳಚಿಕೊಳ್ಳುತ್ತಿದ್ದರೆ ಮಾತ್ರ ಆ ಗುಂಪಿನ ಆಸೆ ಬಿಡಿ.

ಗೊಬ್ಬರ ಯಾವುದು, ಎಷ್ಟು?

ಎಲ್ಲ ಪೋಷಕಾಂಶಗಳೂ ಇರುವ ಒಂದು ದ್ರವ ಗೊಬ್ಬರ ಸಾಕು. ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 10ರಿಂದ 20 ಮಿಲಿಗ್ರಾಂ, ಫಾಸ್ಫೇಟ್ 1ರ ಸುತ್ತಮುತ್ತ ಇದ್ದರೆ ಗಿಡ ಹಸಿದಿರುವುದಿಲ್ಲ. ಅಕ್ವಾ ಸಾಯಿಲ್ ಹೊಸದಿದ್ದಾಗ ಕಡಿಮೆ ಹಾಕಿ, ಹಳತಾದಂತೆ ಹೆಚ್ಚಿಸಿ. ಪಾಚಿಗೆ ಹೆದರಿ ಗೊಬ್ಬರವನ್ನೇ ನಿಲ್ಲಿಸುವವರು ಬಹಳ. ಅದರಿಂದ ಸೊರಗುವುದು ಗಿಡ. ಸೊರಗಿದ ಗಿಡದ ಮೇಲೆ ಪಾಚಿ ಇನ್ನೂ ಬೇಗ ಕೂರುತ್ತದೆ.

ಎಲೆ ಹಳದಿಯಾಗುತ್ತಿದೆ, ತೂತು ಬೀಳುತ್ತಿದೆ. ಯಾಕೆ?

ಯಾವ ಎಲೆ ಅನ್ನುವುದು ಮುಖ್ಯ. ಸಾರಜನಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ. ಆಗ ಕೆಳಗಿನವು ಹಳದಿ. ಅಂಚಿನಲ್ಲಿ ಒಣಕಲು, ಸೂಜಿ ಚುಚ್ಚಿದಷ್ಟು ತೂತು ಕಂಡರೆ ಪೊಟ್ಯಾಶಿಯಂ ಮೇಲೆ ಅನುಮಾನ ಪಡಿ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗದು, ಆದ್ದರಿಂದ ಅದು ಕಡಿಮೆಯಾದರೆ ಹೊಸ ಚಿಗುರೇ ಬಿಳಿಚಿಕೊಳ್ಳುತ್ತದೆ. ಮೇಲೆ ಹಚ್ಚಗಿದ್ದು ಅಡಿಯ ಪದರ ಮಾತ್ರ ಹಳದಿಯಾಗಿದ್ದರೆ ಗೊಬ್ಬರದ ಬಾಟಲಿ ಪಕ್ಕಕ್ಕಿಟ್ಟು ಕತ್ತರಿ ತನ್ನಿ. ಅದು ನೆರಳಿನ ಕಾಯಿಲೆ.

ಯಾವಾಗ, ಹೇಗೆ ಕತ್ತರಿಸಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ. ಕಾರ್ಪೆಟ್ ಬೆಳೆಸುವವರು ನೆಡಲು ತೋರಿಸುವ ಉತ್ಸಾಹವನ್ನು ಕತ್ತರಿಸಲು ತೋರಿಸುವುದಿಲ್ಲ. ಇಷ್ಟು ಕಷ್ಟಪಟ್ಟು ಬೆಳೆಸಿದ್ದು, ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಆ ಮಮತೆಯಿಂದಲೇ ಹಾಸು ಹಾಳಾಗುತ್ತದೆ.

ಮೊದಲ ಸಲ ಕತ್ತರಿಸಬೇಕಾದದ್ದು ನೆಲ ಪೂರ್ತಿ ಮುಚ್ಚುವ ಮೊದಲೇ. ನೆಟ್ಟ ಗುಂಪುಗಳು ಹಬ್ಬಿ ಒಂದಕ್ಕೊಂದು ತಾಗುವ ಹೊತ್ತಿಗೆ ಮೇಲಕ್ಕೆ ಎದ್ದ ತುದಿಗಳನ್ನೆಲ್ಲ ಸವರಿ. ತುದಿ ಹೋದ ಕೂಡಲೇ ಕೆಳಗಿನ ಗೆಣ್ಣುಗಳಲ್ಲಿ ಕವಲು ಒಡೆಯುತ್ತದೆ, ಅವು ಪಕ್ಕಕ್ಕೆ ಹರಿಯುತ್ತವೆ. ಮುಂದಕ್ಕೆ, ದಪ್ಪ 2ರಿಂದ 3 ಸೆಂಟಿಮೀಟರ್ ಮುಟ್ಟಿದಾಗಲೆಲ್ಲ 1 ಸೆಂಟಿಮೀಟರ್‌ಗೆ ಇಳಿಸಿ. ಸಿಓಟು ಇರುವ ಟ್ಯಾಂಕ್‌ಗಳಲ್ಲಿ ಇದು ಮೂರು ನಾಲ್ಕು ವಾರಕ್ಕೊಮ್ಮೆ ಬರುತ್ತದೆ.

ಬಾಗಿದ ಮೂತಿಯ ಉದ್ದ ಕತ್ತರಿ ಇದ್ದರೆ ಸುಲಭ, ಅಲಗು ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಫಿಲ್ಟರ್ ಆಫ್ ಮಾಡಿ, ಒಂದು ಮೂಲೆಯಿಂದ ಶುರು ಮಾಡಿ. ಕತ್ತರಿಸಿದ ತುಂಡುಗಳು ಮೇಲೆ ತೇಲಿ ಬರುತ್ತವೆ, ಜಾಳಿಗೆಯಲ್ಲಿ ಎತ್ತಿ. ಹಾಸಿನಲ್ಲಿ ಸಿಕ್ಕಿಕೊಂಡವನ್ನು ಪೈಪ್‌ನಿಂದ ಎಳೆಯಿರಿ. ಕೊನೆಗೆ ಅಂಗೈ ಆಡಿಸಿ ನೀರನ್ನು ಕಾರ್ಪೆಟ್ ಕಡೆಗೆ ಬೀಸಿ. ಒಳಗೆ ಕೂತಿದ್ದ ಕೊಳೆ, ಮೀನಿನ ಹಿಕ್ಕೆ, ಸತ್ತ ಎಲೆ ಎಲ್ಲ ಮೋಡವಾಗಿ ಏಳುತ್ತವೆ. ಅವನ್ನೂ ಎಳೆದುಕೊಂಡು ಅರ್ಧ ನೀರು ಬದಲಿಸಿ, ಆಮೇಲೆ ಫಿಲ್ಟರ್ ಹಾಕಿ.

ಕತ್ತರಿಸಿದ ದಿನ ನೋಡಲು ಚೆನ್ನಾಗಿರುವುದಿಲ್ಲ. ಬೋಳು ಕಾಂಡ, ಅಲ್ಲಲ್ಲಿ ಕಂದು ಬುಡ. ವಾರದೊಳಗೆ ಹಸಿರು ಬರುತ್ತದೆ. ತೀರಾ ದಪ್ಪವಾದ ಮೇಲೆ ಮೊದಲ ಬಾರಿ ಕತ್ತರಿಸುವುದಾದರೆ ಮಾತ್ರ ಒಂದೇ ಸಲಕ್ಕೆ ಬೇಡ. ಈ ವಾರ ಅರ್ಧ ಎತ್ತರ, ಎರಡು ವಾರ ಬಿಟ್ಟು ಇನ್ನರ್ಧ. ಎಲೆಯೇ ಇಲ್ಲದ ಬುಡ ಒಮ್ಮೆಗೇ ಚೇತರಿಸಿಕೊಳ್ಳುವುದು ಕಷ್ಟ.

ಕಾರ್ಪೆಟ್ ಮಣ್ಣಿನಿಂದ ಎದ್ದು ತೇಲುತ್ತಿದೆ. ಏನು ಮಾಡಲಿ?

ಎದ್ದ ತುಂಡನ್ನು ತಿರುಗಿಸಿ ಅಡಿಭಾಗ ನೋಡಿ. ಕಂದು ಕಾಂಡಗಳ ಜಡೆ, ಬಿಳಿ ಬೇರು ಇಲ್ಲವೇ ಇಲ್ಲ ಅನ್ನುವಷ್ಟು. ಬುಡ ಸತ್ತು ಹಿಡಿತ ಹೋಗಿದೆ, ಎಲೆಗಳಿಂದ ಬಂದ ಆಮ್ಲಜನಕದ ಗುಳ್ಳೆಗಳು ಒಳಗೆ ಸಿಕ್ಕಿಕೊಂಡು ಮೇಲೆತ್ತಿವೆ. ಕಲ್ಲು ಹೇರಿ ಒತ್ತಿಡುವುದರಿಂದ ಉಪಯೋಗವಿಲ್ಲ, ಅಡಿಯಲ್ಲಿ ಕೊಳೆಯುವುದು ಮುಂದುವರಿಯುತ್ತದೆ. ಆ ಭಾಗವನ್ನು ಪೂರ್ತಿ ತೆಗೆಯಿರಿ. ಮೇಲಿನ ಹಸಿರು ತುದಿಗಳನ್ನು ಮೂರು ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ, ಮಣ್ಣಿನ ಕೊಳೆ ಎಳೆದು, ಅಲ್ಲೇ ಮತ್ತೆ ನೆಡಿ. ಬೇರು ಗಟ್ಟಿ ಇದ್ದು ಅಂಚು ಮಾತ್ರ ಎದ್ದಿದ್ದರೆ ಗಿಡ್ಡಗೆ ಕತ್ತರಿಸಿದರೆ ಸಾಕು, ಕೂತುಕೊಳ್ಳುತ್ತದೆ.

ಪಾಚಿ ಹತ್ತಿದೆ. ಕಾರ್ಪೆಟ್ ಉಳಿಯುತ್ತದಾ?

ಯಾವ ಪಾಚಿ ಅನ್ನುವುದರ ಮೇಲಿದೆ. ಹೊಸ ಟ್ಯಾಂಕ್‌ನಲ್ಲಿ ಬರುವ ಕಂದು ಧೂಳಿನಂಥದ್ದು ಡಯಾಟಮ್. ಉಜ್ಜಿ ತೆಗೆದು ನೀರು ಬದಲಿಸುತ್ತಿದ್ದರೆ ಕೆಲವು ವಾರದಲ್ಲಿ ತಾನೇ ಹೋಗುತ್ತದೆ.

ಹಸಿರು ದಾರದಂಥ ಪಾಚಿ ಕಾರ್ಪೆಟ್‌ಗೆ ನಿಜವಾದ ಶತ್ರು. ಎಳೆಗಳ ನಡುವೆ ಹೆಣೆದುಕೊಂಡುಬಿಟ್ಟರೆ ಗಿಡ ಬಿಟ್ಟು ಅದನ್ನು ಮಾತ್ರ ತೆಗೆಯಲು ಆಗುವುದಿಲ್ಲ. ಕಂಡ ದಿನವೇ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಎಳೆಯಿರಿ, ಬೆಳಕನ್ನು 6 ಗಂಟೆಗೆ ಇಳಿಸಿ, ಅಮಾನೊ ಸೀಗಡಿ ಬಿಡಿ. ನೀಲಿಹಸಿರು ಲೋಳೆಯ ಪದರ, ಕೆಟ್ಟ ವಾಸನೆ ಇದ್ದರೆ ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕೊಳೆ ತುಂಬಿದ, ನೀರು ಹರಿಯದ ಮೂಲೆಯಲ್ಲಿ ಬರುತ್ತದೆ. ಪದರ ಎಳೆದು ತೆಗೆದು, ಮೂರು ದಿನ ಟ್ಯಾಂಕ್‌ಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿ. ಸಿಓಟು ನಿಲ್ಲಿಸಿ, ಗಾಳಿ ಬಿಡಿ. ಆಮೇಲೆ ಹೆಚ್ಚು ನೀರು ಬದಲಿಸಿ, ಆ ಮೂಲೆಗೆ ಹರಿವು ಬರುವಂತೆ ಮಾಡಿ.

ಜೊತೆಯಲ್ಲಿ ಯಾವ ಮೀನು ಸಾಕಬಹುದು?

ಸಣ್ಣ ಟೆಟ್ರಾ, ರಾಸ್ಬೋರಾ, ಒಟೊಸಿಂಕ್ಲಸ್, ಚೆರ್ರಿ ಸೀಗಡಿ, ಅಮಾನೊ ಸೀಗಡಿ, ಎಲ್ಲ ಸರಿ. ಸೀಗಡಿಗಳು ಎಲೆಗಳ ನಡುವೆ ಕೂತ ಕಸವನ್ನು ದಿನವಿಡೀ ಆರಿಸಿ ತಿನ್ನುತ್ತವೆ, ಮರಿಗಳಿಗೆ ಅಡಗಲು ಜಾಗವೂ ಆಗುತ್ತದೆ. ಕೋರಿಡೋರಾಸ್ ನೆಲ ಕೆದಕುತ್ತವೆ, ಬೇರು ಗಟ್ಟಿಯಾದ ಮೇಲೆ ಬಿಡಿ. ಗೋಲ್ಡ್‌ಫಿಶ್ ತಿಂದುಹಾಕುತ್ತದೆ. ನೆಲ ಅಗೆಯುವ ಸಿಕ್ಲಿಡ್‌ಗಳೂ ಕಾರ್ಪೆಟ್‌ಗೆ ಆಗಿಬರುವುದಿಲ್ಲ.

ಎಲೆಗಳಿಂದ ಗುಳ್ಳೆ ಬರುತ್ತಿದೆ. ಒಳ್ಳೆಯದೇ?

ಹೌದು. ನೀರಿನಲ್ಲಿ ಆಮ್ಲಜನಕ ತುಂಬಿ ಇನ್ನು ಕರಗಲಾರದು ಎಂದಾಗ ಅದು ಎಲೆಯ ಮೇಲೆ ಗುಳ್ಳೆಯಾಗಿ ನಿಲ್ಲುತ್ತದೆ. ನೀರು ಬದಲಿಸಿದ ಕೂಡಲೇ ಎಲ್ಲ ಕಡೆ ಕಾಣುವ ಗುಳ್ಳೆ ಬೇರೆ, ಅದು ಹೊಸ ನೀರಿನಲ್ಲಿದ್ದ ಗಾಳಿ. ಗುಳ್ಳೆ ಬರದಿದ್ದರೆ ಗಿಡ ಸರಿಯಿಲ್ಲ ಅಂತಲ್ಲ.

ನೀರಿನ ಬಿಸಿ, ಪಿಎಚ್, ಗಡಸು ಎಷ್ಟಿರಬೇಕು?

20ರಿಂದ 26 ಡಿಗ್ರಿ ಸೆಲ್ಸಿಯಸ್, ಪಿಎಚ್ 6ರಿಂದ 7.5, ಜಿಎಚ್ (ನೀರಿನ ಒಟ್ಟು ಗಡಸು) 4ರಿಂದ 8 ಇದ್ದರೆ ಹಿತ. ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. 28 ದಾಟಿದರೆ ನೀರಿನಲ್ಲಿ ಅನಿಲಗಳು ಕರಗುವುದು ಕಡಿಮೆ, ಗಿಡ ಸಪೂರವಾಗುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರಿಹೋದ ನೀರಿನ ಜಾಗಕ್ಕೆ ಆರ್‌ಒ ನೀರು ಹಾಕಿ, ಲವಣ ಆರಿಹೋಗದೆ ಅಲ್ಲೇ ಉಳಿದಿರುತ್ತದಲ್ಲ. ನೀರು ಬದಲಿಸಲು ಮಾತ್ರ ಬರೀ ಆರ್‌ಒ ಸಾಲದು, ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಲವಣ ಸೇರಿಸಬೇಕು.

ಕಲ್ಲು, ಮರದ ಮೇಲೆ ಬೆಳೆಸಬಹುದಾ?

ಬಹುದು, ಚೆನ್ನಾಗಿಯೂ ಕಾಣುತ್ತದೆ. ಮರದ ಸಂದಿಯಲ್ಲಿ ಸ್ವಲ್ಪ ಮಾಸ್ ಇಟ್ಟು, ಅದರ ಮೇಲೆ ಚಿಕ್ಕ ಗುಂಪನ್ನು ದಾರದಿಂದ ಕಟ್ಟಿ ಅಥವಾ ಸೂಪರ್‌ಗ್ಲೂ ಜೆಲ್‌ನಿಂದ ಅಂಟಿಸಿ. ಅಲ್ಲಿ ಬೇರಿಗೆ ಮಣ್ಣಿಲ್ಲ, ಊಟವೆಲ್ಲ ನೀರಿನಿಂದಲೇ. ಹಾಗಾಗಿ ದ್ರವ ಗೊಬ್ಬರ ತಪ್ಪಿಸಬೇಡಿ. ಲೈಟ್‌ಗೆ ಹತ್ತಿರ ಇರುವುದರಿಂದ ಪಾಚಿಯನ್ನೂ ಗಮನಿಸುತ್ತಿರಿ.

ಕತ್ತರಿಸಿ ತೆಗೆದದ್ದನ್ನು ಏನು ಮಾಡುವುದು?

ಖಾಲಿ ಜಾಗ ಇದ್ದರೆ ಅಲ್ಲೇ ನೆಡಿ. ಇಲ್ಲವಾದರೆ ಒದ್ದೆ ಕಾಗದದಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಿ ಬೇಕಾದವರಿಗೆ ಕೊಡಿ. ನೆರಳಿನಲ್ಲಿ ತಂಪಾಗಿ ಇಟ್ಟರೆ ಎರಡು ಮೂರು ದಿನ ಏನೂ ಆಗುವುದಿಲ್ಲ. ಕೆರೆ, ಕಾಲುವೆ, ಚರಂಡಿಗೆ ಮಾತ್ರ ಎಸೆಯಬೇಡಿ. ಒಂದೇ ಗೆಣ್ಣಿನಿಂದ ಮತ್ತೆ ಬೆಳೆಯುವ ಹೊರಗಿನ ಗಿಡ ಇದು. ಯಾರಿಗೂ ಬೇಡವಾದದ್ದನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕುಂಡದ ಗಿಡಗಳ ಮಣ್ಣಿಗೆ ಸೇರಿಸಿ.